ಆರ್ಲಿನ್ ಕೆತ್ತಲೊಲ್ಲದ ಉಂಗುರ

ಅಯೋವಾದ ಓಸ್ಟರ್‌ವಿಕ್ ಎಂಬ ಊರಿನಲ್ಲಿ ಯಾರೇ ಸತ್ತರೂ ಕೊನೆಗೆ ಆರ್ಲಿನ್ ವೀನ್‌ಸ್ಟ್ರಾನ ಕೈಗೇ ಬೀಳಬೇಕಿತ್ತು. ಪಾದ್ರಿ ಪ್ರಾರ್ಥನೆ ಮುಗಿಸಿ ಹೋಗುತ್ತಾನೆ. ನೆಂಟರು ಚರ್ಚಿನ ನೆಲಮಾಳಿಗೆಯಲ್ಲಿ ಹ್ಯಾಮ್ ಬನ್ನು ತಿಂದು, ಕಾಫಿ ಕುಡಿದು, ಸತ್ತವರ ಬಗ್ಗೆ ಎರಡು ಒಳ್ಳೆಯ ಮಾತಾಡಿ ಕಾರು ಹತ್ತುತ್ತಾರೆ. ಆಮೇಲೆ ಉಳಿಯುವುದು ಕಲ್ಲೊಂದೇ, ಆ ಕಲ್ಲು ಆರ್ಲಿನ್‌ನದು. ಊರಿನ ಅಂಚಿನಲ್ಲಿ, ಜೋಳದ ಹೊಲಗಳು ಶುರುವಾಗುವ ಕಡೆ ಅವನ ತಗಡಿನ ಶೆಡ್ಡು. ಅವನ ಅಪ್ಪನೂ ಅಲ್ಲೇ ಗೋರಿಕಲ್ಲು ಕೆತ್ತಿ ಕೆತ್ತಿ ಬೆನ್ನು ಬಾಗಿಸಿಕೊಂಡವನು.

ಆರ್ಲಿನ್‌ನ ಕೆಲಸಕ್ಕೊಂದು ಕ್ರಮವಿತ್ತು. ಕಲ್ಲಿನಷ್ಟೇ ದೊಡ್ಡ ಕಂದು ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಎಲ್ಲವನ್ನೂ ಬರೆದು, ಗೋಡೆಗೆ ತಗುಲಿಹಾಕಿ, ಸತ್ತವರ ಮನೆಯವರನ್ನು ಕರೆಸಿ, "ಗಟ್ಟಿಯಾಗಿ ಓದಿ" ಅನ್ನುತ್ತಿದ್ದ. "ಮನಸ್ಸಲ್ಲಿ ಅಲ್ಲ, ಬಾಯಿಬಿಟ್ಟು ಓದಿ. ಗ್ರಾನೈಟಿಗೆ ಹೋದ ಮೇಲೆ ನಾನಂತೂ ಅಳಿಸಲ್ಲ." ಹೈನು ಸಾಕಿ ದುಡ್ಡು ಮಾಡಿದ ಹರ್ಮ್ ಬೊಲ್ಕ್ ಸತ್ತಾಗ ಮಕ್ಕಳು "ಅಕ್ಕರೆಯ ತಂದೆ" ಎಂದು ಹಾಕಿಸಲು ಬಂದಿದ್ದರು. ಹಿರಿಯ ಮಗ ಓದುತ್ತಾ ಓದುತ್ತಾ "ಅಕ್ಕರೆಯ" ಅನ್ನುವಲ್ಲಿ ತಡವರಿಸಿದ. ಉಳಿದವರು ನೆಲ ನೋಡಿದರು. ಹರ್ಮ್‌ನ ಬೆಲ್ಟಿನ ಏಟು ಆ ಮಕ್ಕಳ ಬೆನ್ನಿಗೆ ಗೊತ್ತಿತ್ತು, ಊರಿಗೂ ಗೊತ್ತಿತ್ತು. ಆರ್ಲಿನ್ ರಬ್ಬರು ತಗೊಂಡು ಆ ಪದವನ್ನು ಉಜ್ಜಿ ಅಳಿಸಿದ. "ತಂದೆ ಅಂತಿದ್ರೆ ಸಾಕು" ಅಂದ. ಕೊನೆಯ ಮಗಳು ಅವನ ಕೈ ಹಿಡಿದುಕೊಂಡು ಅತ್ತಳಂತೆ.

ಈ ಕಥೆ ಊರೆಲ್ಲ ಓಡಾಡಿತು. ಆರ್ಲಿನ್ ಸುಳ್ಳು ಕೆತ್ತುವುದಿಲ್ಲ ಎಂಬ ಹೆಸರು ಬಂತು. ಊರಿನವರು ಹೇಳಿದ್ದನ್ನು ಅವನೂ ನಂಬಿದ. ಹೊಗಳಿಕೆಯನ್ನು ಬೇಗ ನಂಬುವ ಚಟ ಕೆಟ್ಟವರಿಗಿಂತ ಒಳ್ಳೆಯವರಿಗೇ ಜಾಸ್ತಿ, ಏನು ಮಾಡುವುದು.

ನಮ್ಮ ಕಡೆ ಗಂಡಹೆಂಡಿರು ಅರವತ್ತು ದಾಟಿದ ಮೇಲೆ ಜೋಡಿಕಲ್ಲು ಮಾಡಿಸಿ, ಬದುಕಿರುವಾಗಲೇ ಗೋರಿ ಜಾಗದಲ್ಲಿ ನಿಲ್ಲಿಸಿಬಿಡುತ್ತಾರೆ. ಮೇಲೆ ಮನೆತನದ ಹೆಸರು, ಕೆಳಗೆ ಅಕ್ಕಪಕ್ಕ ಇಬ್ಬರ ಹೆಸರು, ಹುಟ್ಟಿದ ವರ್ಷ. ಸಾಯುವ ವರ್ಷಕ್ಕೆ ಜಾಗ ಖಾಲಿ. ಮಧ್ಯದಲ್ಲಿ ಒಂದಕ್ಕೊಂದು ಸಿಕ್ಕಿಸಿದ ಎರಡು ಉಂಗುರ, ಅದರಡಿ ಮದುವೆಯ ತಾರೀಕು. ಮೇ ತಿಂಗಳ ಕೊನೆಯಲ್ಲಿ ಸತ್ತವರಿಗೆ ಹೂವಿಡಲು ಹೋದಾಗ ತಮ್ಮ ಕಲ್ಲಿನ ಮೇಲಿನ ಹಕ್ಕಿ ಹಿಕ್ಕೆಯನ್ನು ತಾವೇ ಒರೆಸಿ ಬರುತ್ತಾರೆ. ಆರ್ಲಿನ್ ಮತ್ತು ಅವನ ಹೆಂಡತಿ ಲವೋನ್‌ಳ ಕಲ್ಲು ಬೇಲಿಯ ಹತ್ತಿರ, ಎಲ್ಲರ ಕಣ್ಣಿಗೂ ಬೀಳುವಲ್ಲಿ ನಿಂತಿತ್ತು. ಊರಿನ ಅತ್ಯಂತ ಚೆಂದದ ಉಂಗುರ ಅದರಲ್ಲಿತ್ತು, ಅದರ ಕೆಳಗಿನ ತಾರೀಕು ಸುಳ್ಳಾಗಿತ್ತು.

ಅದಕ್ಕೆ ಕಾರಣ ಲವೋನ್‌ಳ ಅಕ್ಕ ಹೆನ್ರಿಯೆಟ್. ಆ ಕಾಲದಲ್ಲಿ ಮದುವೆಗೆ ಮುಂಚೆಯೇ ಬಸಿರಾದವಳು ಗಂಡನ ಜೊತೆ ಚರ್ಚಿನ ಸಭೆಯ ಮುಂದೆ ನಿಂತು ಪಾಪ ಒಪ್ಪಿಕೊಂಡು ಕ್ಷಮೆ ಕೇಳಬೇಕಿತ್ತು. ಇಲ್ಲದಿದ್ದರೆ ಮಗುವಿಗೆ ದೀಕ್ಷಾಸ್ನಾನವಿಲ್ಲ. ಹೆನ್ರಿಯೆಟ್ ತುಂಬಿದ ಹೊಟ್ಟೆ ಹೊತ್ತು ಹಾಗೆ ನಿಂತಾಗ ಲವೋನ್ ಇನ್ನೂ ಲಂಗ ಹಾಕುವ ಹುಡುಗಿ. ಪಕ್ಕದಲ್ಲಿ ಕೂತ ಅಪ್ಪ ಟೋಪಿಯ ಅಂಚನ್ನು ಹಿಂಡುತ್ತಿದ್ದುದನ್ನು ಅವಳು ನೋಡಿದಳು. ಅಪ್ಪ ಆಮೇಲೆ ದೊಡ್ಡ ಮಗಳ ಹೆಸರನ್ನೇ ಹೇಳಲಿಲ್ಲ. "ಅವಳು" ಅನ್ನುತ್ತಿದ್ದ, ಸಾಯುವ ತನಕ.

ಹೀಗಿರುವಾಗ ತನಗೇ ತಿಂಗಳು ತಪ್ಪಿದ್ದು ತಿಳಿದಾಗ ಲವೋನ್ ಬಸ್ಸು ಹತ್ತಿ, ಸೈನ್ಯದ ತರಬೇತಿಯಲ್ಲಿದ್ದ ಆರ್ಲಿನ್‌ನ ಹತ್ತಿರ ಓಡಿದಳು. ಯಾವುದೋ ಪರವೂರಿನ ಜಡ್ಜ್ ಮುಂದೆ ಮದುವೆಯಾಯಿತು. ಊರಿಗೆ ಬಂದು, ಹಿಂದಿನ ಶರತ್ಕಾಲದಲ್ಲಿ ಅವನು ರಜೆಗೆ ಬಂದಿದ್ದಾಗಲೇ ಗುಟ್ಟಾಗಿ ಮದುವೆಯಾಗಿದ್ದೆವು ಅಂದರು. ಗುಟ್ಟಿನ ಮದುವೆಗೆ ಬೈಗುಳವಷ್ಟೇ ಸಿಕ್ಕಿತು. ಮಗಳು ಬೆತ್ ಹುಟ್ಟಿದಳು, ದೀಕ್ಷಾಸ್ನಾನವೂ ಆಯಿತು. ಅಂದಿನಿಂದ ಪ್ರತಿವರ್ಷ ಆ ಸುಳ್ಳು ದಿನವೇ ಕೇಕು ಕೊಯ್ದರು. ಕಲ್ಲು ಮಾಡುವಾಗ ಆರ್ಲಿನ್ ಕಾಗದ ತಗುಲಿಹಾಕಿ ಹೆಂಡತಿಗೂ "ಓದು" ಅಂದ. ಲವೋನ್ ಗಟ್ಟಿಯಾಗಿಯೇ ಓದಿದಳು, ಎಲ್ಲೂ ತಡವರಿಸಲಿಲ್ಲ. "ಹಾಗೇ ಇರಲಿ" ಅಂದಳು. ಅವನು ಕೆತ್ತಿದ. ಇದು ಸುಳ್ಳಲ್ಲ, ಹೆಂಡತಿಯ ಮಾನ ಎಂದು ತನಗೆ ತಾನೇ ಹೇಳಿಕೊಂಡು ಆ ವಿಷಯವನ್ನು ಮನಸ್ಸಿನ ಮೂಲೆಗೆ ತಳ್ಳಿದ.

ಇನ್ನು ಮಾರ್ಲಿಸ್ ಮತ್ತು ನೋರೀನ್. ಮಾರ್ಲಿಸ್ ಡೈಕ್‌ಸ್ಟ್ರಾ ದನದ ಡಾಕ್ಟರು. ಹಿಮ ಸುರಿಯುತ್ತಿದ್ದರೂ ಹಟ್ಟಿಗೆ ಬಂದು ಅಡ್ಡ ಸಿಕ್ಕಿದ ಕರುವನ್ನು ಎಳೆದು ಹಾಕುವ ಗಟ್ಟಿ ಹೆಂಗಸು. ನೋರೀನ್ ಹಾಸ್ ಶಾಲೆಯ ಸಂಗೀತದ ಟೀಚರು, ಚರ್ಚಿನಲ್ಲಿ ಆರ್ಗನ್ ನುಡಿಸುವವಳು. ಊರಿನ ಅರ್ಧ ಜನ ಮದುವೆಯಾದದ್ದು, ಇನ್ನರ್ಧ ಮಣ್ಣಿಗೆ ಹೋದದ್ದು ಅವಳ ಆರ್ಗನ್ ಕೇಳುತ್ತಲೇ. ಇಬ್ಬರೂ ಒಂದೇ ಮನೆಯಲ್ಲಿದ್ದರು, ತಲೆ ನರೆಯುವ ತನಕ ಇದ್ದರು. ಊರು ಅವರನ್ನು "ಆ ಹುಡುಗಿಯರು" ಅನ್ನುತ್ತಿತ್ತು. ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳುತ್ತಿರಲಿಲ್ಲ. ಹೇಳದಿರುವುದನ್ನೇ ನಮ್ಮ ಊರು ದೊಡ್ಡ ಪುಣ್ಯವೆಂದು ಎಣಿಸಿತ್ತು.

ಆಮೇಲೆ ಅಯೋವಾದ ದೊಡ್ಡ ಕೋರ್ಟು ಹೆಂಗಸು ಹೆಂಗಸನ್ನೂ ಮದುವೆಯಾಗಬಹುದು ಅಂದಿತು. ಅವರಿಬ್ಬರೂ ಜಿಲ್ಲಾ ಕಚೇರಿಗೆ ಹೋಗಿ ಆಗಿಬಂದರು, ಉಂಗುರ ಹಾಕಿಕೊಂಡು ಚರ್ಚಿಗೆ ಬಂದರು. ಊರಿಗೆ ಇದ್ದಕ್ಕಿದ್ದಂತೆ ಕಣ್ಣು ಬಂತು. ಹೆಂಗಸರ ಸಂಘದಲ್ಲಿ ಮೊದಲು ಬಾಯಿ ತೆರೆದವಳು ಲವೋನ್: "ಅವರೇ ಮದುವೆ ಅಂತ ಹೇಳ್ಕೊಂಡು ತಿರುಗಿದ್ಮೇಲೆ ನಾವು ಸುಮ್ನೆ ಕೂತಿದ್ರೆ ಒಪ್ಕೊಂಡ ಹಾಗಾಗಲ್ವಾ?" ತಮ್ಮ ಮೇಲೆ ಯಾರ ಕಣ್ಣೂ ಬೀಳಬಾರದು ಅನ್ನುವವರು ಬೇರೆಯವರ ಕಡೆ ಬೆರಳು ತೋರಿಸುವುದರಲ್ಲಿ ಬಹಳ ಚುರುಕು. ನೋರೀನ್‌ಳನ್ನು ಆರ್ಗನ್ನಿನಿಂದ ಎಬ್ಬಿಸಿದರು. ಕೆಲವು ವರ್ಷಗಳಲ್ಲಿ ಕ್ಯಾನ್ಸರ್ ಬಂದು ಸತ್ತಳು.

ಮಾರ್ಲಿಸ್ ಶೆಡ್ಡಿಗೆ ಬಂದಾಗ ಅವಳ ಬೂಟಿನಲ್ಲಿ ಯಾರದೋ ಹಟ್ಟಿಯ ಸಗಣಿ ಇನ್ನೂ ಒಣಗಿರಲಿಲ್ಲ.

"ಕಲ್ಲು ಬೇಕು ಆರ್ಲಿನ್. ಜೋಡಿಕಲ್ಲು."

"ನೀನು ಬರ್ತೀಯ ಅಂತ ಕಾಯ್ತಾನೇ ಇದ್ದೆ. ಕೂತ್ಕೋ. ನೋರೀನ್ ಕಲ್ಲು ನಾನಲ್ದೆ ಇನ್ಯಾರು ಮಾಡ್ಬೇಕು?"

"ಇಬ್ಬರ ಹೆಸರು. ಮಧ್ಯ ಉಂಗುರ, ಕೆಳಗೆ ಮದುವೆ ತಾರೀಕು. ಎಲ್ಲರಿಗೂ ಏನು ಮಾಡ್ತೀಯೋ ಅದೇ."

ಆರ್ಲಿನ್ ಕೈಯಲ್ಲಿದ್ದ ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡ. "ಹೆಸರು ಎರಡೂ ಹಾಕ್ತೀನಿ. ಒಂದೇ ಕಲ್ಲಲ್ಲೇ ಹಾಕ್ತೀನಿ. ಆರ್ಗನ್ ಬಿಡಿಸ್ತೀನಿ, ಅವಳಿಗಿಷ್ಟವಾದ ಕೀರ್ತನೆ ಸಾಲು ಬೇಕಾದ್ರೂ ಹಾಕ್ತೀನಿ. ನನ್ನ ಅಮ್ಮನ ಕಲ್ಲಿಗಿಂತ ಚೆನ್ನಾಗಿ ಮಾಡಿಕೊಡ್ತೀನಿ. ಉಂಗುರ ಒಂದು ಕೇಳ್ಬೇಡ."

"ಯಾಕೆ?"

"ನಿನಗೇ ಗೊತ್ತಲ್ಲ."

"ಗೊತ್ತು. ನಿನ್ನ ಬಾಯಲ್ಲಿ ಕೇಳ್ಬೇಕು."

"ದೇವರ ಎದುರು ಅದು ಮದುವೆ ಅಲ್ಲ ಮಾರ್ಲಿಸ್. ಅಲ್ಲದ್ದನ್ನ ಹೌದು ಅಂತ ಕೆತ್ತೋಕೆ ನನ್ನ ಕೈ ಬರಲ್ಲ. ಬೇರೆಯವರ ಹಾಗೆ ನಿನ್ನನ್ನ ಬಾಗಿಲಿಂದ ಓಡಿಸ್ತಾ ಇಲ್ಲ ನಾನು."

"ಓಡಿಸಿದ್ರೆ ಚೆನ್ನಾಗಿರ್ತಿತ್ತು. ಕೂರಿಸಿ ಹೇಳ್ತಾ ಇದ್ದೀಯ." ಅವಳು ಕೂರಲಿಲ್ಲ. "ನಮ್ಮ ಚರ್ಚಿನ ಡೆನ್ನಿಸ್‌ಗೆ ಉಂಗುರ ಕೆತ್ತಿದೆ. ಮೂರನೇ ಹೆಂಡತಿ ಅದು. ಮೊದಲಿನವರಿಬ್ಬರೂ ಜೀವಂತ ಇದ್ದಾರೆ."

"ಅವನು ಪಶ್ಚಾತ್ತಾಪ ಪಟ್ಟಿದ್ದ."

"ನಾನೂ ಪಟ್ಟಿದ್ದೀನಿ ಕಣೋ. ಮೂವತ್ತು ವರ್ಷ ಅವಳನ್ನ 'ನಮ್ಮನೇಲಿ ಬಾಡಿಗೆಗಿರೋಳು' ಅಂತ ಹೇಳ್ಕೊಂಡು ತಿರುಗಿದ್ನಲ್ಲ, ಅದಕ್ಕೆ."

ಅವನಿಗೆ ಅವಳ ಮೇಲೆ ಕನಿಕರವಿತ್ತು, ಅದು ನಿಜವಾದ ಕನಿಕರವೇ. ಅವನ ಅಣ್ಣ ಸತ್ತಾಗ ನೋರೀನ್ ಜ್ವರದಲ್ಲೇ ಬಂದು ಆರ್ಗನ್ ನುಡಿಸಿದ್ದು ನೆನಪಾಯಿತು. ಆದರೂ ಕೈ ಕಾಗದದ ಕಡೆ ಹೋಗಲಿಲ್ಲ.

"ನಾನು ದೂರು ಕೊಡ್ತೀನಿ" ಅಂದಳು ಮಾರ್ಲಿಸ್. "ಹಿಂದಿನಿಂದ ಅಲ್ಲ, ನಿನ್ನ ಮುಖಕ್ಕೆ ಹೇಳೇ ಹೋಗ್ತಾ ಇದ್ದೀನಿ."

ಎಲ್ಲರಿಗೆಂದು ತೆರೆದ ಅಂಗಡಿಯಲ್ಲಿ ಬಂದವರು ಇಂಥವರು ಎಂಬ ಕಾರಣಕ್ಕೆ ಇಲ್ಲ ಅನ್ನುವಂತಿಲ್ಲ ಎನ್ನುತ್ತದೆ ನಮ್ಮ ರಾಜ್ಯದ ಕಾನೂನು. ದೂರು ಹೋಯಿತು. ಸ್ವಲ್ಪ ದಿನಕ್ಕೇ ದೂರದ ರಾಜ್ಯದಿಂದ ಆರ್ಲಿನ್ ಪರ ವಾದಿಸಲು ವಕೀಲರು ಬಂದಿಳಿದರು. ಫೀಜು ಬೇಡ ಅಂದರು. ಅವರಲ್ಲಿ ಮುಖ್ಯನಾದವನು ಕಾಲ್ಡ್‌ವೆಲ್, ಮೆತ್ತಗಿನ ಮಾತು, ಹೊಳೆಯುವ ಷೂಸು. "ನೀವು ಕಲ್ಲು ಮಾರೋರಲ್ಲ ಆರ್ಲಿನ್, ಕಲಾವಿದರು. ನೀವು ಕೆತ್ತೋದು ನಿಮ್ಮ ಮಾತು. ನಂಬದ ಮಾತನ್ನ ನಿಮ್ಮ ಬಾಯಿಂದ ಆಡಿಸೋ ಹಕ್ಕು ಸರ್ಕಾರಕ್ಕಿಲ್ಲ" ಅಂದ. ಅದುವರೆಗೆ ಯಾರೂ ಆರ್ಲಿನ್‌ನನ್ನು ಕಲಾವಿದ ಅಂದಿರಲಿಲ್ಲ. ಅವನಿಗೆ ಅದು ಹಿತವಾಯಿತು.

ವಿಡಿಯೋ ಮಾಡಲು ಬಂದವರು ಶೆಡ್ಡನ್ನು ಗುಡಿಸಿ, ಆಮೇಲೆ ಚೆಂದಕ್ಕೆ ಅಂತ ಅಲ್ಲಲ್ಲಿ ಧೂಳು ಎರಚಿದರು. "ಮುಖಕ್ಕೂ ಸ್ವಲ್ಪ ಹಚ್ಕೊಳ್ಳಿ." ಹಚ್ಚಿಕೊಂಡ. "ಬೆಳಕು ಈ ಕಡೆಯಿಂದ ಬರ್ತಿದೆ, ಉಳಿ ಆ ಕೈಗೆ ತಗೊಳ್ಳಿ." ತಗೊಂಡ. ಜೀವಮಾನವಿಡೀ ಎಡಗೈಯಲ್ಲಿ ಹಿಡಿದ ಉಳಿಯನ್ನು ಬಲಗೈಯಲ್ಲಿ ಹಿಡಿದು, ಬೋಳು ಕಲ್ಲಿನ ಮುಂದೆ ನಿಂತು, ಸತ್ಯದ ಬಗ್ಗೆ ಮಾತಾಡಿದ. ಲಕ್ಷಾಂತರ ಜನ ನೋಡಿದರಂತೆ. ಊರಿನ ಅಂಗಳಗಳಲ್ಲೆಲ್ಲ "ನಾವು ಆರ್ಲಿನ್ ಕಡೆ" ಎಂಬ ಫಲಕಗಳು ಎದ್ದವು. ಒಂದು ಬೆಳಿಗ್ಗೆ ಶೆಡ್ಡಿನ ಬಾಗಿಲಿಗೆ ಯಾರೋ ಕೆಂಪು ಬಣ್ಣ ಎರಚಿ, ಬರೆಯಬಾರದ್ದನ್ನು ಬರೆದು ಹೋಗಿದ್ದರು. ಅದರ ಫೋಟೋ ತೆಗೆಯಲು ಕಾಲ್ಡ್‌ವೆಲ್‌ನ ಜನ ಖುಷಿಯಾಗಿ ಓಡಿ ಬಂದರು. ಮಾರ್ಲಿಸ್‌ಳ ಹಿಂದೆಯೂ ಹೀಗೆಯೇ ಒಂದು ದಂಡು ಸೇರಿಕೊಂಡಿತ್ತು. ನೋರೀನ್‌ಳ ಗೋರಿಯ ಮೇಲೆ ಮಾತ್ರ ಕಲ್ಲಿರಲಿಲ್ಲ. ಅಂತ್ಯಕ್ರಿಯೆಯವರು ಚುಚ್ಚಿಹೋದ ತಗಡಿನ ಚೀಟಿ ಹುಲ್ಲಿನಲ್ಲಿ ವಾಲಿತ್ತು.

ಪ್ರಮಾಣ ಮಾಡಿಸಿ ಹೇಳಿಕೆ ತೆಗೆದುಕೊಳ್ಳುತ್ತಾರೆ ಎಂದು ಗೊತ್ತಾದ ದಿನ ಲವೋನ್ ಊಟದ ಮೇಜಿನಲ್ಲೇ ಕೇಳಿದಳು.

"ನಮ್ಮ ಕಲ್ಲಿನ ತನಕ ಬಂದ್ರೆ?"

"ಯಾರು ಬರ್ತಾರೆ? ಅವರಿಗೇನು ಗೊತ್ತು?"

"ಕೇಳಿದ್ರೆ ಏನಂತೀಯ ಆರ್ಲಿನ್?"

ಅವನು ಎದ್ದು ತನ್ನ ತಟ್ಟೆ ತೊಳೆದಿಟ್ಟ. ಎಂದೂ ತಟ್ಟೆ ತೊಳೆದವನಲ್ಲ. ಅವಳು ಆ ಮೌನಕ್ಕೆ ತನಗೆ ಬೇಕಾದ ಅರ್ಥ ಮಾಡಿಕೊಂಡಳು. ತಾನು ಯಾವ ಅರ್ಥದಲ್ಲಿ ಸುಮ್ಮನಾದೆ ಎಂಬುದು ಅವನಿಗೂ ಗೊತ್ತಿರಲಿಲ್ಲ.

ಹೇಳಿಕೆ ತೆಗೆದುಕೊಂಡವಳು ಮಾರ್ಲಿಸ್ ಕಡೆಯ ವಕೀಲೆ, ರಾಜಧಾನಿಯಿಂದ ಬಂದ ಚಿಕ್ಕ ಪ್ರಾಯದ ಹೆಂಗಸು. ಜಿಲ್ಲಾ ಕಚೇರಿಯ ಒಂದು ಕೋಣೆ, ಉದ್ದನೆಯ ಮೇಜು. ಆರ್ಲಿನ್ ಕೈಯೆತ್ತಿ, ಸತ್ಯವನ್ನೇ ಹೇಳುತ್ತೇನೆ, ದೇವರು ನನಗೆ ನೆರವಾಗಲಿ ಅಂದ. ಬೇರೆಯವರಿಗೆ ಅದು ಬಾಯಿಮಾತು. ದೇವರ ಹೆಸರಿನಲ್ಲಿ ಸುಳ್ಳಾಡುವುದಕ್ಕಿಂತ ದೊಡ್ಡ ಪಾಪ ಇನ್ನೊಂದಿಲ್ಲ ಎಂದು ಭಾನುವಾರದ ಪಾಠದಲ್ಲಿ ಉರುಹೊಡೆದು ಬೆಳೆದ ನಮ್ಮ ಜನಕ್ಕೆ ಹಾಗಲ್ಲ. ಮಾರ್ಲಿಸ್ ಎದುರಿಗೇ ಕೂತಿದ್ದಳು.

ಪ್ರಶ್ನೆಗಳು ಸಪ್ಪೆಯಾಗಿಯೇ ಸಾಗಿದವು. ಎಷ್ಟು ವರ್ಷದಿಂದ ಕೆಲಸ, ಯಾರು ಬರೆದು ಕೊಡುತ್ತಾರೆ, ಯಾವುದಕ್ಕೆ ಇಲ್ಲ ಅಂದಿದ್ದೀರಿ. ಆರ್ಲಿನ್ ಹರ್ಮ್ ಬೊಲ್ಕ್‌ನ ಕಥೆಯನ್ನೂ ಹೇಳಿದ. ಕಾಲ್ಡ್‌ವೆಲ್ ತಲೆದೂಗಿದ. ಆಕೆ ಕಾಗದ ತಿರುವುತ್ತಾ, ಕೇಳಬೇಕಲ್ಲ ಅಂತ ಕೇಳಿದಳು:

"ಹಾಗಾದ್ರೆ ಮದುವೆ ವಿಷಯದಲ್ಲಿ, ನಿಜ ಅಲ್ಲ ಅಂತ ನಿಮಗೆ ಗೊತ್ತಿದ್ದದ್ದನ್ನ ನೀವು ಯಾವತ್ತೂ ಕೆತ್ತಿಲ್ಲ. ಅಲ್ವಾ ವೀನ್‌ಸ್ಟ್ರಾ ಅವರೇ?"

ಕೆತ್ತಿಲ್ಲ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆಕೆಗೆ ಏನೂ ಗೊತ್ತಿರಲಿಲ್ಲ. ಆರ್ಲಿನ್‌ಗೆ ಲವೋನ್‌ಳ ಮುಖ ಕಣ್ಣ ಮುಂದೆ ಬಂತು, ಅದರ ಹಿಂದೆಯೇ ತಾನು ಎತ್ತಿದ ಕೈಯೂ ನೆನಪಾಯಿತು.

"ಒಂದ್ಸಲ ಕೆತ್ತಿದ್ದೀನಿ" ಅಂದ.

ಕಾಲ್ಡ್‌ವೆಲ್ ಕುರ್ಚಿಯಲ್ಲಿ ನೆಟ್ಟಗಾದ. ಆಕೆಯೂ ತಲೆಯೆತ್ತಿದಳು. "ಯಾರದು?"

"ನನ್ನದೇ. ನನ್ನ ಮದುವೆ ತಾರೀಕು. ಕಲ್ಲಲ್ಲಿರೋ ದಿನ ನಮಗೆ ಮದುವೆ ಆಗಿರಲಿಲ್ಲ. ಅದಾಗಿದ್ದು ಮುಂದಿನ ವರ್ಷ."

"ಅಂದ್ರೆ ಮದುವೆ ಆಗಿಲ್ಲದ ದಿನ ಮದುವೆ ಆಗಿತ್ತು ಅಂತ ಕೆತ್ತೋಕೆ ನಿಮ್ಮ ಕೈ ಬಂತು."

"ಬಂತು."

"ಯಾಕೆ ಬಂತು?"

"ನನ್ನ ಹೆಂಡತಿ ಕೇಳಿದಳು."

"ಮಾರ್ಲಿಸ್ ಅವರೂ ಕೇಳಿದ್ರು."

ಮಾರ್ಲಿಸ್ ಗೆದ್ದ ಮುಖ ಮಾಡಲಿಲ್ಲ. ಕಣ್ಣು ಮುಚ್ಚಿ ಹಣೆ ಒತ್ತಿಕೊಂಡಳು. ಲವೋನ್‌ಳ ಅಕ್ಕ ಸಭೆಯ ಮುಂದೆ ನಿಂತ ಭಾನುವಾರ ಅವಳೂ ಅದೇ ಚರ್ಚಿನಲ್ಲಿದ್ದ ಹುಡುಗಿ.

ಹೊರಗೆ ಕಾರಿಡಾರಿನಲ್ಲಿ ಕಾಲ್ಡ್‌ವೆಲ್‌ನ ಮೆತ್ತಗಿನ ದನಿ ಎಲ್ಲೋ ಹೋಗಿತ್ತು. "ಯಾಕ್ರೀ ಹೇಳಿದ್ರಿ? ನೆನಪಿಲ್ಲ ಅನ್ಬಹುದಿತ್ತು!"

"ನನ್ನ ಮದುವೆ ದಿನ ನನಗೆ ನೆನಪಿರಲ್ವಾ?"

ಮನೆಯಲ್ಲಿ ಲವೋನ್ ಆಲೂಗಡ್ಡೆ ಸುಲಿಯುತ್ತಿದ್ದಳು. ಅವನು ಟೋಪಿ ತೆಗೆಯದೆ ಬಾಗಿಲಲ್ಲೇ ನಿಂತ. "ಹೇಳ್ಬಿಟ್ಟೆ ಲವೋನ್."

ಏನನ್ನು ಅಂತ ಅವಳು ಕೇಳಲಿಲ್ಲ. ಸುಲಿಯುವುದನ್ನೂ ನಿಲ್ಲಿಸಲಿಲ್ಲ. "ಯಾರಿದ್ರು ಅಲ್ಲಿ?"

"ವಕೀಲರು. ಬರ್ಕೊಳ್ಳೋಳು. ಮಾರ್ಲಿಸ್."

"ಮಾರ್ಲಿಸ್." ಚಾಕು ಕೆಳಗಿಟ್ಟಳು. "ಹೇಳೋಕೆ ಮುಂಚೆ ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಂಗೆ?"

"ದೇವರ ಹೆಸರಲ್ಲಿ ಆಣೆ ಇಟ್ಟಿದ್ದೆ ಕಣೇ."

"ನಂಗೂ ಇಟ್ಟಿದ್ದೆ. ಆ ಜಡ್ಜ್ ಮುಂದೆ. ಅದು ಇದಕ್ಕಿಂತ ಹಳೇದು."

ಜಿಲ್ಲೆಯ ಪತ್ರಿಕೆ ಎಲ್ಲವನ್ನೂ ಅಚ್ಚು ಹಾಕಿತು. ಬೆತ್ ಫೋನು ಮಾಡಿ ನಕ್ಕಳು. "ಅಯ್ಯೋ ಅಮ್ಮಾ, ಈ ಕಾಲದಲ್ಲಿ ಇದೊಂದು ವಿಷಯಾನಾ? ನಾನು ಹೊಟ್ಟೇಲಿದ್ದೆ ಅಷ್ಟೇ ತಾನೇ!" ಲವೋನ್ ಫೋನಿಟ್ಟು ಬಹಳ ಹೊತ್ತು ಅತ್ತಳು. ಆಯುಸ್ಸಿಡೀ ಎದೆ ಬಡಿದುಕೊಂಡು ಕಾಯ್ದದ್ದು ಮಗಳಿಗೆ ನಗುವ ವಿಷಯವಾಗಿತ್ತು. ಚರ್ಚಿನಲ್ಲಿ ಯಾರೂ ನಗಲಿಲ್ಲ, ಅದು ಇನ್ನೂ ಕೆಟ್ಟದ್ದು. ಕಾಫಿಯ ಹೊತ್ತಿಗೆ ಹೆಂಗಸರ ಸಂಘದ ಟ್ರೂಡಿ ಅವಳ ತೋಳು ಸವರಿ, "ನಾವ್ಯಾರೂ ಏನೂ ಅಂದ್ಕೊಂಡಿಲ್ಲ ಲವೋನ್" ಅಂದಳು. ಆ ದನಿ ಲವೋನ್‌ಗೆ ಗುರುತಿತ್ತು. ನೋರೀನ್‌ಳನ್ನು ಆರ್ಗನ್ನಿನಿಂದ ಎಬ್ಬಿಸಿದ ಮೇಲೆ ಅವಳ ತೋಳು ಸವರಿ ತಾನೂ ಅದೇ ದನಿಯಲ್ಲಿ ಮಾತಾಡಿದ್ದಳು.

ಇಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಆದರೆ ಕಾಲ್ಡ್‌ವೆಲ್ ಮತ್ತೆ ಬಂದ, ಮುಖ ಅರಳಿಸಿಕೊಂಡು ಬಂದ. ಹಾಳಾಗಿದ್ದನ್ನು ಸರಿಮಾಡುವ ದಾರಿ ಸಿಕ್ಕಿದೆ ಅಂದ. ಗಂಡಹೆಂಡಿರಿಬ್ಬರೂ ಚರ್ಚಿನಲ್ಲಿ ನಿಂತು ಹಳೆಯ ತಪ್ಪನ್ನು ಒಪ್ಪಿಕೊಳ್ಳಬೇಕು, ಸಭೆ ಕ್ಷಮಿಸಬೇಕು, ಕ್ಯಾಮೆರಾ ಅದನ್ನು ಹಿಡಿಯಬೇಕು. "ಜನ ಕಣ್ಣೀರು ಹಾಕ್ತಾರೆ. ಆಮೇಲೆ ನಿಮ್ಮ ನಂಬಿಕೆ ಬಗ್ಗೆ ಯಾರೂ ಬೆರಳು ತೋರಿಸೋ ಹಾಗಿಲ್ಲ." ಚರ್ಚಿನ ಹಿರಿಯರಿಗೂ ಇದು ಹಿಡಿಸಿತು. ಅವರಲ್ಲೊಬ್ಬ, ಮೂರು ಮದುವೆಯ ಡೆನ್ನಿಸ್, "ನಾವೆಲ್ಲ ಎಡವಿದವರೇ" ಅಂತ ದೊಡ್ಡ ಮನಸ್ಸು ಮಾಡಿದ.

ಲವೋನ್ ಗಂಡನ ಕಡೆ ನೋಡಿದಳು. ಇವರನ್ನು ಮನೆಯಿಂದ ಆಚೆ ಹಾಕುತ್ತಾನೆ ಅಂದುಕೊಂಡಿದ್ದಳು.

ಅವರೆಲ್ಲ ಹೋದ ಮೇಲೆ ಆರ್ಲಿನ್ ಅವಳ ಎದುರು ಕುರ್ಚಿ ಎಳೆದುಕೊಂಡ. "ಒಂದೇ ಸಲ ಲವೋನ್. ನಾನು ಪಕ್ಕದಲ್ಲಿರ್ತೀನಿ. ಹೇಗೂ ಎಲ್ಲರಿಗೂ ಗೊತ್ತಾಗಿದೆ, ನಿಂತುಬಿಟ್ರೆ ಮುಗೀತು. ಇಲ್ದಿದ್ರೆ ಇಷ್ಟು ದಿನ ಮಾಡಿದ್ದೆಲ್ಲ ನೀರಲ್ಲಿ ಹೋಮ."

"ಇಷ್ಟು ದಿನ ಮಾಡಿದ್ದು ಯಾರಿಗೆ?"

"ಸತ್ಯಕ್ಕೆ."

"ನೀನು ಸತ್ಯ ಹೇಳಿದ್ದಕ್ಕೆ ನನಗೆ ಸಿಟ್ಟು ಬಂತು ಆರ್ಲಿನ್. ಸಿಟ್ಟು ಇಳೀತಾ ಇತ್ತು. ಆಣೆ ಇಟ್ಟವನು, ಏನು ಮಾಡ್ತಾನೆ ಪಾಪ, ಅಂದ್ಕೊಂಡಿದ್ದೆ. ಈಗ ನನ್ನನ್ನ ಹೆನ್ರಿಯೆಟ್ ಹಾಗೆ ನಿಲ್ಲು ಅಂತೀಯಲ್ಲ." ಅವಳ ದನಿ ಏರಲಿಲ್ಲ. "ನಾನು ನಿಲ್ಲಲ್ಲ."

ಅವಳು ನಿಲ್ಲಲಿಲ್ಲ. ಕಾಲ್ಡ್‌ವೆಲ್‌ನ ಫೋನು ಕಮ್ಮಿಯಾಯಿತು. ಬೇರೊಂದು ರಾಜ್ಯದಲ್ಲಿ ಅವರಿಗೆ ಇನ್ನೊಬ್ಬರು ಸಿಕ್ಕಿದ್ದರು, ಮದುವೆ ಮಂಟಪ ಅಲಂಕರಿಸುವ ಹುಡುಗಿ, ಚೆಂದಾಗಿ ಮಾತಾಡುವವಳು, ಹಳೆಯ ಕಥೆಗಳಿಲ್ಲದವಳು. ಆರ್ಲಿನ್‌ಗೆ ರಾಜಿ ಮಾಡಿಕೊಳ್ಳಿ ಅಂದರು. ಇನ್ನು ಮುಂದೆ ಯಾರಿಗೂ ಜೋಡಿಕಲ್ಲು ಮಾಡುವುದಿಲ್ಲ ಎಂದು ಅವನು ಒಪ್ಪಿಕೊಂಡ. ಯಾರಿಗೂ ಮಾಡದಿದ್ದರೆ ಕಾನೂನು ಮುರಿದ ಹಾಗಲ್ಲವಂತೆ, ದೂರು ಮುಚ್ಚಿಹೋಯಿತು. ಗೆದ್ದವರು ಯಾರು ಅಂತ ಕೇಳಿದರೆ ಊರಲ್ಲಿ ಯಾರಿಗೂ ಹೇಳಲು ಬರುತ್ತಿರಲಿಲ್ಲ. ಅಂಗಳದ ಫಲಕಗಳನ್ನು ಒಬ್ಬೊಬ್ಬರೇ ಕಿತ್ತು ಗ್ಯಾರೇಜಿಗೆ ಹಾಕಿದರು. ಜೋಡಿಕಲ್ಲಿಲ್ಲದ ಗೋರಿಕಲ್ಲಿನವನ ಬಳಿ ಬರುವವರೂ ಕಮ್ಮಿಯಾದರು.

ನೋರೀನ್‌ಳ ಕಲ್ಲು ಪಕ್ಕದ ರಾಜ್ಯದಿಂದ ಲಾರಿಯಲ್ಲಿ ಬಂತು. ಆರ್ಲಿನ್ ಯಾರೂ ಇಲ್ಲದ ಹೊತ್ತು ನೋಡಿ ಗೋರಿ ಜಾಗಕ್ಕೆ ಹೋದ. ಮಾರ್ಲಿಸ್ ಅಲ್ಲೇ ಇದ್ದಳು, ಹುಲ್ಲು ಕೀಳುತ್ತಿದ್ದಳು. ಅವನು ತಡೆಯಲಾರದೆ ಅಕ್ಷರದ ಮೇಲೆ ಬೆರಳಾಡಿಸಿದ. ಯಂತ್ರದಲ್ಲಿ ಗೀರಿದ್ದು, ಉಗುರಿಗೂ ಸಿಗದಷ್ಟು ತೆಳು. ಉಂಗುರಗಳು ಬಾಟಲಿ ಮುಚ್ಚಳದ ಹಾಗಿದ್ದವು.

"ಆಳ ಇಲ್ಲ, ಅಲ್ವಾ?" ಅಂದಳು ಮಾರ್ಲಿಸ್.

"ಇಲ್ಲ. ಬೇಗ ಮಾಸುತ್ತೆ."

"ಗೊತ್ತು. ನಿನ್ನ ಹತ್ರ ಬಂದಿದ್ದು ಅದಕ್ಕೇ." ಅವಳು ಕಿತ್ತ ಹುಲ್ಲನ್ನು ಬಕೆಟ್ಟಿಗೆ ಹಾಕಿ ಅವನ ಕಡೆ ನೋಡದೆ ಹೊರಟಳು. ಕ್ಷಮಿಸು ಅನ್ನಲು ಆರ್ಲಿನ್‌ಗೆ ಮನಸ್ಸಾಯಿತು. ಯಾವುದಕ್ಕೆ ಅನ್ನಬೇಕೆಂದು ತಿಳಿಯಲಿಲ್ಲ. ಅವಳ ಮದುವೆಯನ್ನು ಅವನು ಈಗಲೂ ಮದುವೆಯೆಂದು ಒಪ್ಪಿರಲಿಲ್ಲ. ಆದರೂ ಆ ತೆಳು ಅಕ್ಷರದ ಮೇಲೆ ಕೂತಿದ್ದ ಧೂಳನ್ನು ಅಂಗಿಯ ತೋಳಿನಿಂದ ಒರೆಸಿದ.

ಆ ವಸಂತದಲ್ಲಿ ಅವನು ಹೆಂಡತಿಗೆ ಹೇಳಿದ: "ನಮ್ಮ ಕಲ್ಲನ್ನ ಶೆಡ್ಡಿಗೆ ತರ್ತೀನಿ. ಆ ತಾರೀಕು ಉಜ್ಜಿ ತೆಗೆದು ನಿಜವಾದದ್ದು ಕೆತ್ತಿಬಿಡ್ತೀನಿ. ಆಗ ಸರಿ ಹೋಗುತ್ತೆ."

ಲವೋನ್ ಬಟ್ಟೆ ಮಡಚುತ್ತಿದ್ದಳು. "ಉಜ್ಜೋದಾದ್ರೆ ನನ್ನ ಹೆಸರನ್ನೂ ಉಜ್ಜಿಬಿಡು."

ಅವನಿಗೆ ಅರ್ಥವಾಗಲಿಲ್ಲ.

"ನಾನು ಅಲ್ಲಿ ಮಲಗಲ್ಲ. ಬೆತ್‌ಗೆ ಹೇಳಿದ್ದೀನಿ, ಅವಳ ಊರಲ್ಲೇ ಮಣ್ಣು ಮಾಡು ಅಂತ. ಅಲ್ಲಿ ನಾನು ಯಾರಿಗೂ ಗೊತ್ತಿಲ್ಲ."

"ಲವೋನ್, ನಾನು ನಿನ್ನ ಗಂಡ ಕಣೇ."

"ಹೌದು. ಬದುಕಿರೋ ತನಕ ನಿನ್ನ ಅಡುಗೆ ಮಾಡ್ತೀನಿ, ನಿನ್ನ ಬಟ್ಟೆ ಒಗೀತೀನಿ, ನೀನು ಹಾಸಿಗೆ ಹಿಡಿದ್ರೆ ನೋಡ್ಕೋತೀನಿ. ಅಷ್ಟು ಮಾಡ್ತೀನಿ. ಸತ್ತ ಮೇಲೂ ಜನರ ಕಣ್ಣೆದುರು ನಿನ್ನ ಪಕ್ಕ ನಿಲ್ಲು ಅನ್ನಬೇಡ." ಅವನ ಅಂಗಿಯೊಂದನ್ನು ಕೊಡವಿ, ಅದರ ತೋಳುಗಳನ್ನು ಜೋಡಿಸಿ, ನೀಟಾಗಿ ಮಡಚಿ ಅವನ ರಾಶಿಯ ಮೇಲಿಟ್ಟಳು.

ಬೇಡಿಕೊಂಡ, ಸಿಟ್ಟು ಮಾಡಿದ, ಒಂದು ವಾರ ಊಟ ಬಿಟ್ಟ. ಅವಳು ಊಟವನ್ನು ಬಡಿಸಿಟ್ಟು ತನ್ನ ಪಾಡಿಗೆ ತಾನು ಉಂಡಳು. ಕೊನೆಗೆ ಕಲ್ಲನ್ನು ತಂದು ಶೆಡ್ಡಿನಲ್ಲಿ ಮಲಗಿಸಿ ಯಂತ್ರ ಹಿಡಿದ. ತಾರೀಕು ಹೋಯಿತು, ಉಂಗುರಗಳೂ ಹೋದವು. ಹೆಂಡತಿಯ ಹೆಸರು ಬೇಗ ಹೋಗಲಿಲ್ಲ, ಅವನು ಆಳವಾಗಿ ಕೆತ್ತಿದ್ದ. ಅಳುತ್ತಲೇ ಉಜ್ಜಿದ. ಬಲಭಾಗವೆಲ್ಲ ನುಣ್ಣಗಾದ ಮೇಲೆ ಹೊಳಪು ಕೊಟ್ಟು, ಎಲ್ಲಿತ್ತೋ ಅಲ್ಲಿಗೆ ಒಯ್ದು ನಿಲ್ಲಿಸಿದ.

ಮೇ ಕೊನೆಯಲ್ಲಿ ಊರೆಲ್ಲ ಹೂವು ಹಿಡಿದು ಗೋರಿ ಜಾಗಕ್ಕೆ ಬಂತು. ಲವೋನ್ ಬರಲಿಲ್ಲ. ಆರ್ಲಿನ್ ತನ್ನ ಕಲ್ಲು ಒರೆಸಿ, ಬೇಲಿಯ ಬಳಿ ಟೋಪಿ ಹಿಡಿದು ನಿಂತಿದ್ದ. ಯಾರದೋ ಮನೆಗೆ ಬಂದ ಪರವೂರಿನ ಹೆಂಗಸೊಬ್ಬಳು ಸಾಲು ನೋಡುತ್ತಾ ಬಂದು ಆ ಕಲ್ಲಿನ ಮುಂದೆ ನಿಂತಳು.

"ಇಷ್ಟು ದೊಡ್ಡ ಕಲ್ಲಲ್ಲಿ ಒಬ್ಬನದೇ ಹೆಸರು" ಅಂದಳು ಅವನಿಗೆ, ಆ ಹೆಸರು ಅವನದೇ ಎಂದು ಗೊತ್ತಿಲ್ಲದೆ. "ಪಾಪ, ಮದುವೆ ಆಗಲಿಲ್ಲವೇನೋ ಇವನಿಗೆ."

ಆಗಿದೆ, ಹೆಂಡತಿ ಮನೆಯಲ್ಲಿದ್ದಾಳೆ, ಮಧ್ಯಾಹ್ನಕ್ಕೆ ಸೂಪು ಇಟ್ಟಿದ್ದಾಳೆ ಎನ್ನಲು ಆರ್ಲಿನ್ ಬಾಯಿ ತೆರೆದ. ಹೇಳಿದರೆ ತೋರಿಸಲು ಆ ಕಲ್ಲಿನ ಮೇಲೆ ಈಗ ಏನೂ ಇರಲಿಲ್ಲ.